ಹೊರಬೀಡಿನ ದಿನ ಅಕ್ಕ ಉಂಡ ಕಡಬು

ಅಕ್ಕ ಸವಣೂರಿನ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ನಾನು ಹಾನಗಲ್ಲಿನ ಆಸ್ಪತ್ರೆಯ ಔಷಧ ವಿಭಾಗದ ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದು ಕೂತಿದ್ದೆ. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ನಮಗೆ ಮಕ್ಕಳಿಲ್ಲ. ಅಕ್ಕನಿಗೂ ಗಂಡನಿಲ್ಲ, ಮಕ್ಕಳಿಲ್ಲ. ಆಪರೇಶನ್ ಆದ ಮೇಲೆ ಅವಳನ್ನು ಎಬ್ಬಿಸಿ ಕೂರಿಸುವವರು ಬೇಕಿತ್ತು. ಹಾಗಾಗಿ ನಾನೇ ಕರೆತಂದೆ.

ನಮ್ಮ ಊರು ಹಿರೇಕೆರೂರು ತಾಲೂಕಿನದು, ಚಿಕ್ಕೇರೂರಿನಿಂದ ಒಳಗೆ ಹೋಗಬೇಕು. ನಮ್ಮದು ಓಣಿಯ ಕೊನೆಯ ಮನೆ. ಹಿತ್ತಲ ಗೋಡೆ ಮುಗಿದಲ್ಲಿ ಗೋವಿನಜೋಳದ ಹೊಲ ಶುರುವಾಗುತ್ತದೆ. ಅಕ್ಕ ಹುಟ್ಟಿದ್ದು ಅದೇ ಮನೆಯಲ್ಲಿ. ಮದುವೆಯಾಗಿ ಸವಣೂರಿಗೆ ಹೋದವಳು, ಭಾವ ತೀರಿಕೊಂಡ ಕೆಲವು ವರ್ಷಗಳ ನಂತರ ಅಲ್ಲಿನ ಒಂದು ಪ್ರಾರ್ಥನಾ ಮನೆಗೆ ಹೋಗತೊಡಗಿದಳು. ಬಾಡಿಗೆಯ ಮನೆಯ ಮಾಳಿಗೆಯಲ್ಲಿ ಸೇರುವ ಸಣ್ಣ ಸಭೆ ಅದು. ಒಂದು ದಿನ ವರದಾ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡಳು. ಅದರ ಹಿಂದಿನ ದಿನ ನನ್ನ ಮನೆಗೆ ಬಂದು, ಹುಟ್ಟಿದಾಗಿನಿಂದ ಕೊರಳಲ್ಲಿದ್ದ ಲಿಂಗವನ್ನು ತೆಗೆದು ನನ್ನ ಕೈಗಿಟ್ಟಿದ್ದಳು. "ಇದನ್ನ ಹೊಳಿಗೆ ಒಗಿಯಾಕ ನನಗ ಮನಸ್ಸಿಲ್ಲ, ಇಟ್ಟುಕೊಳ್ಳಾಕೂ ಬರಂಗಿಲ್ಲ" ಎಂದಳು. ಆಗ ಏನು ಅನ್ನಬೇಕೆಂದು ನನಗೆ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ.

ಊರಿಗೆ ಬಂದ ಮೇಲೆ ಅವಳಿಗೆ ಉಳಿದದ್ದು ತಿಂಗಳ ಮೊದಲ ಭಾನುವಾರ. ಆ ದಿನ ಅವಳ ಸಭೆಯಲ್ಲಿ ಪ್ರಭುವಿನ ಭೋಜನ. ಯೇಸು, ತನ್ನನ್ನು ಹಿಡಿದುಕೊಡುವ ಮುಂಚೆ, ಆ ಸಂಜೆ ಶಿಷ್ಯರೊಂದಿಗೆ ಉಂಡ ಊಟದ ನೆನಪಿಗೆ ಎಲ್ಲರೂ ಒಂದೇ ರೊಟ್ಟಿಯಿಂದ ಒಂದೊಂದು ತುಣುಕು ತಿಂದು, ದ್ರಾಕ್ಷಾರಸ ಕುಡಿಯುತ್ತಾರೆ. ಅಲ್ಲಿ ಅದು ಮುಗಿದ ಮೇಲೆ ಪಾಸ್ಟರು ಸಣ್ಣ ಸ್ಟೀಲಿನ ಡಬ್ಬಿಯಲ್ಲಿ ಅವಳ ಪಾಲನ್ನು ಹಾಕಿಕೊಂಡು, ಸವಣೂರಿನಿಂದ ಹಾವೇರಿ ಹಾಯ್ದು ನಮ್ಮ ಊರಿನ ತನಕ ಬೈಕಿನ ಮೇಲೆ ಬರುತ್ತಿದ್ದರು. ಅಷ್ಟು ದೂರ, ಒಬ್ಬ ಮುದುಕಿಯ ಒಂದು ತುತ್ತಿಗಾಗಿ. ಅವರಿಗೆ ನಲವತ್ತರ ಆಸುಪಾಸು. ಬಂದಾಗ ಮುಖದ ತುಂಬ ಧೂಳಿರುತ್ತಿತ್ತು. ನಾನು ಕೊಟ್ಟ ಚಹಾವನ್ನು ಪ್ರಾರ್ಥನೆ ಮುಗಿಯುವ ತನಕ ಮುಟ್ಟುತ್ತಿರಲಿಲ್ಲ.

ಅಕ್ಕ ಬೆಳಿಗ್ಗೆಯಿಂದ ಬಿಳಿ ಸೀರೆಯುಟ್ಟು ಕಾಯುತ್ತಿದ್ದಳು. ಒಮ್ಮೆ ಕೇಳಿದೆ, ಒಂದು ತುಣುಕಿನಲ್ಲಿ ಏನಿದೆ ಎಂದು.

"ಉಳದ ದಿನಾ ನಾ ಒಬ್ಬಾಕಿನ ಉಣ್ಣತೇನಲಾ ತಮ್ಮಾ" ಎಂದಳು. "ನೀ ಇರತಿ, ಖರೆ. ಆದ್ರ ನೀ ಬ್ಯಾರೆ ಉಣ್ಣತಿ. ಆ ಒಂದು ತುತ್ತಿನ್ಯಾಗ ಮಾತ್ರ ನಾ ಅವರೆಲ್ಲಾರ ಕೂಡ ಕುಂತಂಗ."

ಆ ಮಳೆಗಾಲದಲ್ಲಿ ಊರಿನ ದನಗಳಿಗೆ ಚರ್ಮಗಂಟು ರೋಗ ಬಂತು. ಮೈತುಂಬ ಗಂಟು, ಜ್ವರ. ದನದ ಡಾಕ್ಟರು ಬಂದು ಚುಚ್ಚಿ ಹೋದರು. ಆದರೂ ಊರಿನವರು ಊರದೇವಿ ದ್ಯಾಮವ್ವನ ಕಟ್ಟೆಯ ಮೇಲೆ ಸೇರಿ ಹೊರಬೀಡು ಹಿಡಿಯಬೇಕೆಂದು ನಿರ್ಧಾರ ಮಾಡಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೊರಬೀಡು ಎಂದರೆ ಒಂದು ದಿನದ ಮಟ್ಟಿಗೆ ಊರನ್ನು ಬಿಡುವುದು. ಹೊತ್ತು ಮೂಡುವ ಮುಂಚೆ ಪ್ರತಿ ಮನೆಯ ಒಲೆ ಆರಿಸಿ, ಕಸ ಹೊಡೆದು, ಬಾಗಿಲು ಹಾಕಿಕೊಂಡು ಎಲ್ಲರೂ ಹೊಲಗಳಿಗೆ ಹೋಗುತ್ತಾರೆ. ದನ, ಕೋಳಿ, ಕೂಸು, ಮುದುಕರು ಎಲ್ಲ ಹೊರಗೆ. ಓಣಿಯ ಬಾಯಿಗಳಿಗೆ ಜಾಲಿಮುಳ್ಳು ಎಳೆಯುತ್ತಾರೆ. ಅಡಿಗೆ ಹೊರಗೇ, ಊಟ ಹೊರಗೇ. ದೀಪ ಹಚ್ಚುವ ಹೊತ್ತಿಗೆ ಮುಳ್ಳು ತೆಗೆದು ಒಳಗೆ ಬರುತ್ತಾರೆ. ನಡುವಿನ ಹೊತ್ತಿನಲ್ಲಿ ಊರೊಳಗೆ ಮನುಷ್ಯರು ಯಾರೂ ಇರಕೂಡದು.

ನಾನು ಕಟ್ಟೆಗೆ ಹೋದಾಗ ಊರಿನ ಹಿರಿಯರೊಬ್ಬರು ನನ್ನನ್ನೇ ಕಾಯುತ್ತಿದ್ದಂತಿತ್ತು. ಔಷಧ ಕೊಡುತ್ತಿದ್ದವನನ್ನು ಊರು ಡಾಕ್ಟರನೆಂದೇ ಕರೆಯುತ್ತದೆ.

"ಡಾಕ್ಟರ್ರ, ಅಕ್ಕಾರದು ಏನ್ ಮಾಡೂದ್ರಿ?"

"ಮಂಚದ ಮ್ಯಾಲೆ ಎತ್ತಿ ಒಯ್ಯಾಕ ಬರತೈತಿ" ಎಂದೆ. "ಆದ್ರ ಆಕಿ ಒಲ್ಲೆ ಅಂತಾಳ. ದೇವಿ ಸಲುವಾಗಿ ಹಾಸಿಗಿ ಬಿಟ್ಟು ಎದ್ರ ದೇವಿಗೆ ಕೈಮುಗದಂಗ ಅಂತಾಳ."

ಯಾರೂ ಸಿಟ್ಟಾಗಲಿಲ್ಲ. ಆಗ ಅದು ನನಗೆ ಅಷ್ಟು ವಿಚಿತ್ರವೆನಿಸಲಿಲ್ಲ, ಆಮೇಲೆ ಎನಿಸಿತು. ಹಿರಿಯರು ತಮ್ಮ ಗಡ್ಡ ಕೆರೆದುಕೊಂಡು, "ನಾವೇನ್ ಈ ದ್ಯಾಮವ್ವಗ ಕೈ ಮುಗಿತೇವೇನ್ರಿ? ನಾವು ವೀರಭದ್ರನ ಒಕ್ಕಲ. ನಮ್ಮಜ್ಜ ಹೋಗ್ತಿದ್ದ, ನಾ ಹೋಗ್ತೇನಿ" ಎಂದರು.

ದ್ಯಾಮವ್ವನ ಪೂಜೆ ಮಾಡುವ ಬಡಿಗೇರರಿಗೆ ಅದು ಸರಿ ಕಾಣಲಿಲ್ಲ. "ಹಂಗಂದ್ರ ಹೆಂಗ್ರಿ? ಅವ್ವ ಅವತ್ತ ಓಣಿ ಓಣಿ ತಿರಗತಾಳ. ಊರನ್ಯಾಗಿನ ಬ್ಯಾನಿ ಉಡಿಯಾಗ ಕಟಗೊಂಡು ಹೋಗತಾಳ. ಮನಷ್ಯಾರ ಕಣ್ಣಿಗೆ ಬೀಳಬಾರದಂತ ನಾವು ಹೋಗೂದು."

"ಅಲ್ರಿ, ಆಕಿ ನಮ್ಮ ಎಲ್ಲವ್ವನ ತಂಗಿ" ಎಂದಳು ನಮ್ಮ ಎದುರು ಮನೆಯ ಹೆಣ್ಣುಮಗಳು. ಅವರದು ಹುಣ್ಣಿವೆಗೆ ಎಲ್ಲಮ್ಮನ ಜಗ, ಅಂದರೆ ದೇವಿಯ ಮೂರ್ತಿಯಿರುವ ಬುಟ್ಟಿ, ಹೊರುವ ಮನೆ. "ತಂಗಿ ತವರಿಗೆ ಬಂದಾಳ ಅಂತ ಒಂದಿನ ಜಾಗಾ ಬಿಟ್ಟಕೊಡೂದು. ಅಷ್ಟ."

"ತಂಗಿ ಅಲ್ಲ, ಅವ್ವ" ಎಂದರು ಮತ್ತೊಬ್ಬರು.

"ನಿಮಗ ಅವ್ವ, ನಮಗ ತಂಗಿ."

ಗಾದಿ ಹೊಲಿಯುವ ಮುಸಲ್ಮಾನ ಗೆಳೆಯ ಕಟ್ಟೆಯ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅವನ ಮನೆಯವರೂ ಪ್ರತಿ ಸಲ ಹೊರಗೆ ಹೋಗುತ್ತಾರೆ. "ನನಗ ಒಂದು ದಿನ ಗಿಡದ ಬುಡಕ ಮಲಗಾಕ ಸಿಗತೈತಿ ನೋಡ್ರಿ" ಎಂದ. "ಯಾರ ಹೆಸರ್ಲೆ ಕೊಟ್ರೂ ಮಲಗತೇನಿ."

"ನೀ ದಿನಾ ಮಲಗಾಂವನ ಅಲ್ಲೇನೋ, ಮಂದಿ ಗಾದಿ ಮ್ಯಾಲೆ!" ಎಂದರು ಹಿರಿಯರು. ಕಟ್ಟೆಯೆಲ್ಲ ನಕ್ಕಿತು.

ಈ ವಯಸ್ಸಿನಲ್ಲಿ ಮೊದಲ ಬಾರಿಗೆ ನಾನು ಆ ಮಾತುಗಳನ್ನು ಲಕ್ಷ್ಯಗೊಟ್ಟು ಕೇಳಿದೆ. ಅಲ್ಲಿದ್ದವರಲ್ಲಿ ಯಾವ ಇಬ್ಬರ ನಂಬಿಕೆಯೂ ಒಂದೇ ಇರಲಿಲ್ಲ. ದೇವಿ ಯಾರು, ಇದ್ದಾಳೆಯೇ, ಅವಳಿಗೆ ಏನು ಬೇಕು, ಇದರಲ್ಲಿ ಪ್ರತಿಯೊಬ್ಬರದೂ ಬೇರೆ. ನಾನು ದಿನವೂ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವವನು. ಗುಡಿಯ ದೇವರು ನಮಗಿಲ್ಲವೆಂದು ಹೇಳಿಕೊಟ್ಟ ಮನೆಯವನು. ಆದರೂ ಹುಟ್ಟಿದಾಗಿನಿಂದ ಹೊರಬೀಡಿಗೆ ಹೋಗಿದ್ದೇನೆ. ಯಾಕೆಂದು ಯಾರೂ ಕೇಳಿರಲಿಲ್ಲ. ಏನು ನಂಬುತ್ತೀ ಎನ್ನುವುದು ಆ ಕಟ್ಟೆಯಲ್ಲಿ ಪ್ರಶ್ನೆಯೇ ಅಲ್ಲ. ಹೊರಗೆ ಬಂದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ.

ಅದಕ್ಕೂ ಅವರೇ ದಾರಿ ಹುಡುಕಿದರು. ಹಿರಿಯರು ಎದ್ದು ನಿಂತು ನಮ್ಮ ಓಣಿಯ ಕಡೆ ಕೈ ತೋರಿಸಿ, "ಅಕ್ಕಾರು ಊರ ಬಿಟ್ಟು ಬರಂಗಿಲ್ಲ ಅಂದ್ರ, ಊರನ್ನ ಒಂದೀಟು ಹಿಂದಕ್ಕ ಸರಸೂಣು" ಎಂದರು. "ಡಾಕ್ಟರ್ರ ಮನಿ ಕಡೀ ಮನಿ. ಮುಳ್ಳನ್ನ ಈ ಕಡೆ ಹಾಕಿದ್ರ ಆ ಮನಿ ಹೊರಗ ಆತು. ಹೊರಗಿದ್ದಾಕಿ ಹೊರಗ ಇರತಾಳ."

ಬಡಿಗೇರರು ಯೋಚಿಸಿದರು. "ಅವ್ವ ಕೇಳಿದ್ರ?"

"ನೀನ ಹೇಳು ಮಾರಾಯ. ದಿನಾ ಮಾತಾಡ್ತಿಯಲಾ ಆಕಿ ಕೂಡ."

ಅಕ್ಕನಿಗೆ ಹೇಳಿದೆ. ಅವಳು ತಲೆದಿಂಬನ್ನು ಸರಿಮಾಡಿಕೊಂಡು, "ಮುಳ್ಳು ಎಲ್ಲಿ ಬೇಕೋ ಅಲ್ಲಿ ಹಾಕ್ಕೊಳ್ಳಲಿ. ನಾ ಏಳಂಗಿಲ್ಲ" ಎಂದಳು. ಸ್ವಲ್ಪ ಹೊತ್ತಿನ ನಂತರ, "ಒಳ್ಳೆ ಮಂದಿ" ಎಂದಳು.

ಗೊತ್ತು ಮಾಡಿದ ಮಂಗಳವಾರ ನಸುಕಿನಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರು, ತಲೆಯ ಮೇಲಿನ ಗಂಟುಗಳು ಎಲ್ಲವೂ ಹೋದವು. ಎದುರು ಮನೆಗೂ ನಮ್ಮ ಮನೆಗೂ ನಡುವೆ ಜಾಲಿಮುಳ್ಳಿನ ಸಾಲು ಬಿತ್ತು. ನಾನು ಮಾಳಿಗೆ ಹತ್ತಿ ನೋಡಿದೆ. ಬೇಲಿಯ ಆಚೆ ಇಡೀ ಊರು ಬಾಗಿಲು ಹಾಕಿಕೊಂಡಿತ್ತು. ಎಲ್ಲಿಯೂ ಹೊಗೆ ಇಲ್ಲ. ಹಿಟ್ಟಿನ ಗಿರಣಿಯ ಸದ್ದಿಲ್ಲ. ಯಾರದೋ ಮನೆಯ ಮುಂದೆ ಮರೆತ ಒಂದು ಅಂಗಿ ಹಗ್ಗದ ಮೇಲೆ ಆಡುತ್ತಿತ್ತು. ನಾಯಿಯೊಂದು ಓಣಿಯ ನಡುವೆ ನಿಂತು ಆ ಕಡೆ ಈ ಕಡೆ ನೋಡಿ, ಬೊಗಳಲು ಕಾರಣ ಸಿಗದೆ ಮಲಗಿತು. ನಾನು ದೇವಿಯನ್ನು ನಂಬುವುದಿಲ್ಲ. ಆದರೂ ಆ ಖಾಲಿ ಓಣಿಯನ್ನು ಬಹಳ ಹೊತ್ತು ನೋಡಲಾರದೆ ಕೆಳಗಿಳಿದೆ.

ಅಕ್ಕನೂ ನಾನೂ ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕಾದೀತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಹೊಲದ ಬದುವಿನ ಮೇಲೆ ಎದುರು ಮನೆಯವಳು ಪಾತ್ರೆ ಹೊತ್ತುಕೊಂಡು ಬಂದಳು. ಅವಳ ಹಿಂದೆ ಇನ್ನೆರಡು ಮನೆಯವರು.

"ಯಣ್ಣಾ, ನಿಮ್ಮ ಮನಿ ಈಗ ಹೊರಗ ಐತಲಾ?" ಎಂದಳು. "ಇಲ್ಲಿ ನಳ ಐತಿ, ಬೇವಿನ ನೆರಳ ಐತಿ. ಆ ಬಿಸಿಲಾಗ ಯಾವಾಕಿ ಒಲಿ ಹೂಡತಾಳ?"

ಅವರು ನಮ್ಮ ಅಂಗಳದಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದರು. ನಾನು ಅಕ್ಕನ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದೆ. ಅಕ್ಕ ಅಲ್ಲಿಂದಲೇ ಹೂರಣಕ್ಕೆ ಬೆಲ್ಲ ಹೆಚ್ಚಾಯಿತೆಂದು ಬೈದಳು. "ಸಾಸಿವಿಯಷ್ಟೂ ಬದಲಾಗಿಲ್ಲ ನಿನ್ನ ಬಾಯಿ, ಯಕ್ಕಾ" ಎಂದು ಒಬ್ಬ ಮುದುಕಿ ನಕ್ಕಳು. ಅವಳು ಅಕ್ಕನ ಜೊತೆ ಸಾಲೆಗೆ ಹೋದವಳಂತೆ. ಯಾರ ಮನೆಯ ಸೊಸೆ ಎಲ್ಲಿಯವಳು, ಯಾರು ಸತ್ತರು, ಯಾರ ಹೊಲ ಮಾರಿದರು, ಎಲ್ಲ ಬಂತು. ಅಕ್ಕನ ದನಿ ಅಷ್ಟು ಜೋರಾಗಿ ಕೇಳಿ ಬಹಳ ತಿಂಗಳಾಗಿತ್ತು.

ಒಂದು ಮಾತನ್ನು ಇಲ್ಲಿ ಬಿಡಬಾರದು. ನಮ್ಮ ಅಂಗಳಕ್ಕೆ ಬಂದ ಮನೆಗಳಲ್ಲಿ ದಲಿತರ ಕೇರಿಯ ಮನೆ ಇರಲಿಲ್ಲ. ಅವರು ಪ್ರತಿ ಸಲದಂತೆ ಹಳ್ಳದ ಆಚೆ ಅಡಿಗೆ ಮಾಡಿದರು. ಊರನ್ನು ಹಿಂದಕ್ಕೆ ಸರಿಸಿದವರಿಗೆ ಆ ಹಳ್ಳವನ್ನು ಸರಿಸುವುದು ಹೊಳೆಯಲಿಲ್ಲ; ನನಗೂ ಆ ದಿನ ಹೊಳೆಯಲಿಲ್ಲ. ಸವಣೂರಿನ ಆ ಮಾಳಿಗೆಯಲ್ಲಿ ಮಾತ್ರ ಅಕ್ಕ ಆ ಕೇರಿಯಂಥ ಕೇರಿಗಳಿಂದ ಬಂದವರ ಜೊತೆ ಒಂದೇ ಜಮಖಾನೆಯ ಮೇಲೆ ಕೂತು ಒಂದೇ ರೊಟ್ಟಿ ಹಂಚಿಕೊಂಡಿದ್ದಳು.

ಕಡಬು ಬೆಂದಾಗ ಎದುರು ಮನೆಯವಳು ಮೊದಲು ತೆಗೆದ ಕಡಬುಗಳನ್ನು ಒಂದು ತಾಟಿನಲ್ಲಿ ಬೇರೆ ಇಟ್ಟು, ಮುಚ್ಚಿ, ಅಕ್ಕನ ಮಂಚದ ಹತ್ತಿರ ತಂದಳು.

"ಯಕ್ಕಾ, ಇವನ್ನ ಎಡಿ ಹಿಡಿಯೂಕಿಂತ ಮೊದಲ ತಗದೇನಿ. ದೇವರ ಮುಂದ ಇಟ್ಟಿಲ್ಲ. ನಿಮ್ಮ ದೇವರಿಗೆ ನಡಿಯಂಗಿಲ್ಲ ಅಂತ ಗೊತ್ತೈತಿ ನನಗ."

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ಪ್ರತಿ ಮನೆದೇವರಿಗೂ ಒಂದು ಕಟ್ಟು ಇರುತ್ತದೆ. ಮೈಲಾರನ ಮನೆಯವರಿಗೆ ಒಂದು, ಎಲ್ಲಮ್ಮನ ಮನೆಯವರಿಗೆ ಇನ್ನೊಂದು, ಕೆಲವರಿಗೆ ಇಂಥ ದಿನ ಎಣ್ಣೆ ಇಲ್ಲ, ಕೆಲವರಿಗೆ ಇಂಥ ಕಾಯಿಪಲ್ಲೆ ಇಲ್ಲ. ನೆರೆಯವರು ಅದನ್ನು ನೆನಪಿಟ್ಟು ನಡೆಯುತ್ತಾರೆ. ಅವಳು ಅಕ್ಕನ ಯೇಸುವನ್ನೂ ಅಂಥ ಒಬ್ಬ ಮನೆದೇವರೆಂದು ತಿಳಿದು, ಅವನ ಕಟ್ಟನ್ನು ತಾನೇ ಊಹಿಸಿ, ಪ್ರೀತಿಯಿಂದ ಪಾಲಿಸಿದ್ದಳು. ಅದು ತಪ್ಪು ತಿಳಿವಳಿಕೆ. ಆದರೆ ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನಮ್ಮ ಊರು ಇನ್ನೊಬ್ಬರ ದೇವರಿಗೆ ಕೊಡಲಾರದು.

ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿ ಪ್ರಾರ್ಥಿಸಿ ತಿಂದಳು. ಆಮೇಲೆ ಬೇವಿನ ಬುಡದಲ್ಲಿ ಎಡೆ ಹಿಡಿದರು. ಆಮೇಲೆ ಎಲ್ಲರೂ ಉಂಡರು. ಬೇರೆ ಬೇರೆ ಮನೆಯ ಡಬ್ಬಿಗಳು ಕೈಯಿಂದ ಕೈಗೆ ಹೋದವು. ಜೊತೆಗೆ ಸಾಲೆಗೆ ಹೋದ ಆ ಮುದುಕಿ ತನ್ನ ಡಬ್ಬಿಯಿಂದ ಇನ್ನೊಂದು ಕಡಬನ್ನು ಅಕ್ಕನ ತಾಟಿಗೆ ಹಾಕಿ, ಅರ್ಧವನ್ನು ತಾನೇ ಮುರಿದುಕೊಂಡಳು. ಅದು ಎಡೆಗೆ ಮೊದಲಿನದೋ ಆಮೇಲಿನದೋ ನನಗೆ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಅವಳು ಕೇಳಲಿಲ್ಲ. ತಿಂದಳು.

ಸಂಜೆ ಎಲ್ಲರೂ ಹೋದ ಮೇಲೆ, "ಇವತ್ತ ಬಾಳ ದಿನದ ಮ್ಯಾಲೆ ಮಂದಿ ಕೂಡ ಉಂಡ್ನಿ" ಎಂದಳು.

ಮುಂದಿನ ತಿಂಗಳ ಮೊದಲ ಭಾನುವಾರ ಪಾಸ್ಟರು ಬಂದರು. ಅಕ್ಕನೇ ಹೇಳಿದಳು. ಮುಚ್ಚಿಡುವ ಸ್ವಭಾವ ಅವಳದಲ್ಲ. ಮುಚ್ಚಿಡಬೇಕಾದದ್ದು ಎಂದು ಅವಳಿಗೆ ಅನಿಸಿಯೂ ಇರಲಿಲ್ಲ. ಊರಿನ ಸುದ್ದಿ ಹೇಳುವಂತೆ ಮುಳ್ಳಿನ ಬೇಲಿ, ಬೇವಿನ ಗಿಡ, ಕಡಬು ಎಲ್ಲವನ್ನೂ ಹೇಳಿ ನಕ್ಕಳು. ಪಾಸ್ಟರು ನಗಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಅವರ ಕೈ ನಿಂತಿತು.

"ಅದು ವಿಗ್ರಹಕ್ಕ ಇಟ್ಟದ್ದಾಗಿತ್ತೇನಮ್ಮಾ?"

"ಮೊದಲಿಂದು ಅಲ್ಲ. ಎರಡನೇದ್ದು ಗೊತ್ತಿಲ್ರಿ."

"ಕೇಳಲಿಲ್ಲೇನು?"

"ಇಲ್ರಿ."

ಅವರು ತಗ್ಗಿದ ದನಿಯಲ್ಲಿ, ಅಕ್ಕ ಇದನ್ನು ಪಾಪವೆಂದು ಒಪ್ಪಿ ಫೋನಿನಲ್ಲಿ ಸಭೆಯ ಮುಂದೆ ಹೇಳಬೇಕು, ಆಮೇಲೆ ಮುಂದಿನ ತಿಂಗಳು ರೊಟ್ಟಿ ಎಂದರು. ತಮ್ಮ ಸಭೆಯ ಅರ್ಧ ಮಂದಿ ಅಂಥ ಎಡೆಗಳನ್ನು ಬಿಟ್ಟು ಬಂದವರು, ಅದಕ್ಕಾಗಿ ಮನೆಯಿಂದ ಹೊರಬಿದ್ದವರೂ ಇದ್ದಾರೆ, ಅವರ ಎದುರು ತಾವು ಏನು ಹೇಳುವುದು ಎಂದರು. ಅದು ಸುಳ್ಳಲ್ಲ. ಅವರ ಮುಖ ನೋಡಿದರೆ ಅವರಿಗೇ ಪೆಟ್ಟು ಬಿದ್ದಂತಿತ್ತು.

"ತಿಂದದ್ದು ಖರೆ ಅಂತ ಎಲ್ಲಾರ ಮುಂದ ಹೇಳ್ತೇನ್ರಿ" ಎಂದಳು ಅಕ್ಕ. "ಪಾಪ ಅನಸಲಿಲ್ಲ. ಅನಸಲಾರದ್ದನ್ನ ಪ್ರಭುವಿನ ಮುಂದ ಹೆಂಗ ಅನ್ನಲಿ? ಅದು ಸುಳ್ಳಾಗತೈತಲ್ರಿ."

"ಆ ದೇವಿ ಏನೂ ಅಲ್ಲ ಅಂತ ನಂಬತೀರಿಲ್ಲೋ?"

"ನಂಬತೇನ್ರಿ. ಏನೂ ಅಲ್ಲದ್ದಕ್ಕ ಇಟ್ಟ ಕಡಬು ನನಗೇನ್ ಮಾಡತೈತ್ರಿ?"

ಪಾಸ್ಟರು ಪ್ರಾರ್ಥಿಸಿದರು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಚಹಾ ಹಾಗೆಯೇ ಉಳಿಯಿತು. ನಾನು ಬಾಗಿಲಿಗೆ ಹೋದೆ. ಅವರು ಬೈಕಿನ ಹತ್ತಿರ ನಿಂತು, ಕೀಲಿ ಹಾಕಿ, ಮತ್ತೆ ತೆಗೆದು, ನಮ್ಮ ಮನೆಯ ಕಡೆ ನೋಡಿದರು. ಒಳಗೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಗಾಡಿ ಹೋದ ಮೇಲೆ ಒಳಗೆ ಬಂದರೆ ಅಕ್ಕ ಬಿಳಿ ಸೀರೆಯ ಸೆರಗನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.

ಆಮೇಲಿನ ತಿಂಗಳುಗಳಲ್ಲಿ ನಾನು ಬೇರೆ ಬಾಗಿಲುಗಳನ್ನು ಬಡಿದೆ. ಎಲ್ಲ ಒಂದೇ ಪುಸ್ತಕ, ಒಂದೇ ಹೆಸರು, ಒಂದೇ ಸಂಜೆಯ ಊಟ. ಒಂದು ಕಡೆ ಇಲ್ಲದಿದ್ದರೆ ಇನ್ನೊಂದು ಕಡೆ ಆದೀತೆಂದು ತಿಳಿದಿದ್ದೆ. ನಮ್ಮ ಊರಿನ ಲೆಕ್ಕದಲ್ಲಿ ಹಾಗೇ. ಎಲ್ಲಮ್ಮನ ಗುಡಿ ದೂರವಾದರೆ ದ್ಯಾಮವ್ವನಿಗೆ ಕಾಯಿ ಒಡೆದು ಬರುತ್ತಾರೆ, ಅಕ್ಕತಂಗಿಯರು ಮಾತಾಡಿಕೊಳ್ಳುತ್ತಾರೆ ಎನ್ನುತ್ತಾರೆ.

ಹಾನಗಲ್ಲಿನಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬ ನರ್ಸಮ್ಮ ಇದ್ದಾರೆ. ಅವರದು ಮುತ್ತಜ್ಜನ ಕಾಲದಿಂದ ಹಳೆಯ ಮಿಶನ್ ಚರ್ಚಿನ ಮನೆತನ. ಅವರು ನಮ್ಮ ಮನೆಗೆ ಬಂದು ಅಕ್ಕನ ಪಕ್ಕದಲ್ಲಿ ಕೂತರು. "ತಿಂದ್ರ ತಿಂದ್ರಿ, ಅದಕ್ಕ ಇಷ್ಟ್ಯಾಕ್ರಿ?" ಎಂದರು. "ನಮ್ಮ ಸಭಿಗೆ ಬರ್ರಿ. ನಮ್ಮ ಚರ್ಚಿನ ಅಯ್ನಾರು ಒಂದೆರಡು ಪಾಠ ಹೇಳ್ತಾರ, ಆಮ್ಯಾಲೆ ಸಭಿಗೆ ಸೇರಸ್ಕೋತಾರ."

ಅಕ್ಕನಿಗೆ ಬೇರೆ ತೊಡಕಿತ್ತು. "ನಿಮ್ಮಲ್ಲಿ ಕೂಸಿಗೆ ದೀಕ್ಷಾಸ್ನಾನ ಮಾಡಸ್ತೀರಿ. ಕೂಸಿಗೆ ಏನ್ ತಿಳಿತೈತ್ರಿ? ನಮ್ಮಲ್ಲಿ ಅದು ನಡಿಯಂಗಿಲ್ಲ."

"ನಿಮಗ ಕೂಸಿದ್ದಾಗ ಲಿಂಗಾ ಕಟ್ಟಿದ್ರಲ್ರಿ, ಆವಾಗ ನಿಮಗ ಏನ್ ತಿಳದಿತ್ತು?"

"ಅದಕ್ಕ ಬಿಟ್ಟು ಬಂದ್ನಲ್ರಿ!" ಎಂದಳು ಅಕ್ಕ. ಇಬ್ಬರೂ ನಕ್ಕರು. ನಾನು ನನ್ನ ಕೊರಳಿನ ಲಿಂಗವನ್ನು ಅಂಗಿಯ ಒಳಗೆ ಸರಿಸಿಕೊಂಡೆ. ನಗು ಮುಗಿದ ಮೇಲೂ ತೊಡಕು ಹಾಗೇ ಇತ್ತು. ಕೂಸಿನ ದೀಕ್ಷಾಸ್ನಾನವನ್ನು ಸರಿಯೆಂದು ಒಪ್ಪದೆ ಆ ಸಭೆಗೆ ಸೇರುವುದು ಕೂಡ ಅಕ್ಕನಿಗೆ ಸುಳ್ಳೇ.

ಶಿಗ್ಗಾಂವಿಯ ಕಡೆ ಕ್ಯಾಥೊಲಿಕ್ ಸಿಸ್ಟರೊಬ್ಬರು ಎಲುಬು ಮುರಿದವರಿಗೆ ನಡೆಯುವ ವ್ಯಾಯಾಮ ಮಾಡಿಸುತ್ತಾರೆಂದು ಕೇಳಿ ಅಕ್ಕನನ್ನು ಕರೆದುಕೊಂಡು ಹೋದೆ. ಕಾಲಿನ ಕೆಲಸ ಮುಗಿದ ಮೇಲೆ ನಾನೇ ರೊಟ್ಟಿಯ ಮಾತು ತೆಗೆದೆ. ಸಿಸ್ಟರು ಕರಾವಳಿಯವರು, ಬಿಡಿಬಿಡಿಯಾಗಿ, ಪುಸ್ತಕದಂತೆ ಮಾತಾಡುತ್ತಾರೆ.

"ನಮಗೆ ಅದು ಬರೀ ರೊಟ್ಟಿ ಅಲ್ಲ, ಅಣ್ಣ. ಯೇಸುಸ್ವಾಮಿಯ ದೇಹವೇ. ಹಾಗೆ ನಂಬಿ ನಮ್ಮ ಸಭೆಯಲ್ಲಿ ಇರುವವರಿಗೆ ಮಾತ್ರ ಕೊಡುವುದು. ಅಮ್ಮನಿಗೆ ಕೊಡಲು ಆಗುವುದಿಲ್ಲ. ಆದರೆ ಪ್ರಾರ್ಥನೆ ಮಾಡಬಹುದಲ್ಲ?"

ಅವರು ಅಕ್ಕನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಕ್ಕ ತಲೆ ಬಾಗಿಸಿದಳು. ಕಣ್ಣು ತೆರೆದಾಗ ಎದುರಿನ ಗೋಡೆಯ ಮೇಲೆ ಮರಿಯಮ್ಮನವರ ಮೂರ್ತಿ ಕಂಡು ಮುಖ ಆ ಕಡೆ ತಿರುಗಿಸಿದಳು. ಬಸ್ಸಿನಲ್ಲಿ, "ಪಾಪ, ಬಾಳ ಒಳ್ಳೆಯಾಕಿ" ಎಂದಳು. ಮತ್ತೆ, "ಆದ್ರ ಅವರದೂ ಗುಡಿನ."

ಆ ಬಸ್ಸಿನ ದಾರಿಯಲ್ಲಿ ನಾನು ಯೋಚಿಸಿದ್ದನ್ನು ಆದಷ್ಟು ಸರಿಯಾಗಿ ಬರೆಯಬೇಕೆಂದಿದ್ದೇನೆ. ನಮ್ಮ ಊರಿನಲ್ಲಿ ಮನೆಗೊಂದು ದೇವರು, ಬಾಯಿಗೊಂದು ಕಥೆ. ಅದನ್ನು ಯಾರೂ ಕೂಡಿಸಿ ನೋಡಿಲ್ಲ, ಹಾಗಾಗಿ ಅದು ಒಡೆದೂ ಇಲ್ಲ. ಅಕ್ಕನ ಕಡೆಯವರು ಒಂದೇ ಮಾತನ್ನು ಹಿಡಿದು, ಅದರ ಅರ್ಥವೇನೆಂದು ಶತಮಾನಗಳಿಂದ ತಲೆ ಕೆಡಿಸಿಕೊಂಡವರು. ರೊಟ್ಟಿ ನೆನಪೋ, ಗುರುತೋ, ದೇಹವೋ; ಒಬ್ಬೊಬ್ಬರೂ ತಾವು ಕಂಡ ಉತ್ತರಕ್ಕೆ ನಿಯತ್ತಿನಿಂದ ಇದ್ದಾರೆ. ಆ ನಿಯತ್ತಿನಿಂದಲೇ ಗೋಡೆ ಎದ್ದಿದೆ. ಪಾಸ್ಟರು, ನರ್ಸಮ್ಮ, ಸಿಸ್ಟರು, ಮೂವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅಕ್ಕನಂತೂ ಆ ಮೂವರಿಗಿಂತ ಹಟಮಾರಿ. ಅವಳೂ ಅವರದೇ ಜಾತಿಯ ಹೆಂಗಸು: ನಂಬದ್ದನ್ನು ಬಾಯಲ್ಲಿ ಆಡಲಾರಳು.

ಹಾಗೆಂದು ನಮ್ಮ ಊರು ದೊಡ್ಡದು ಎನ್ನಲಾರೆ. ಒಂದು ದಿನ ಹಿರಿಯರು ಬಂದು, ಅಕ್ಕಾರು ಯಾಕೆ ಸೊರಗಿದ್ದಾರೆ ಎಂದು ಕೇಳಿದರು. ಹೇಳಿದೆ. ಕೇಳಿಸಿಕೊಂಡು, "ರೊಟ್ಟಿನ ಹೌದಲ್ರಿ? ನಮ್ಮ ಸೊಸಿ ಕಡಿಂದ ಬಿಸಿ ಬಿಸಿ ಮಾಡಿಸಿ ಕಳಸ್ತೇನಿ" ಎಂದರು. ಕಳಿಸಿಯೂ ಕೊಟ್ಟರು, ಎಣ್ಣೆಗಾಯಿಯ ಜೊತೆಗೆ. ಅಕ್ಕ ಉಂಡಳು, ಚೆನ್ನಾಗಿದೆ ಎಂದಳು. ಇಡೀ ಊರಿನಲ್ಲಿ ಅವಳು ಏನನ್ನು ನಂಬುತ್ತಾಳೆಂದು ಒಬ್ಬರೂ ಕೇಳಲಿಲ್ಲ. ಕೇಳಿ ತಳ್ಳಿದವರ ನಡುವೆ ಒಂದು ಬಗೆಯ ಒಂಟಿತನವಿದ್ದರೆ, ಎಂದೂ ಕೇಳದವರ ನಡುವೆ ಇನ್ನೊಂದು ಬಗೆಯದಿತ್ತು. ಅಕ್ಕ ಎರಡರಲ್ಲೂ ಇದ್ದಳು. ನನ್ನ ಮನೆಯಲ್ಲೇ ಇದ್ದಳು, ನಾನೂ ಕೇಳಿರಲಿಲ್ಲ.

ಪಾಸ್ಟರು ಮತ್ತೆ ಎರಡು ಸಲ ಬಂದರು, ಡಬ್ಬಿ ಇಲ್ಲದೆ. ಆಮೇಲಿಂದ ಫೋನು ಮಾತ್ರ ಮಾಡುತ್ತಾರೆ. ಭಾನುವಾರದ ಆರಾಧನೆಯನ್ನು ಫೋನಿನಲ್ಲಿ ಕೇಳಿಸಲು ಯಾವ ಅಡ್ಡಿಯೂ ಇಲ್ಲವೆಂದರು. ಅಕ್ಕ ಕೆಲವು ವಾರ ಕೇಳಿದಳು. ಮೊದಲ ಭಾನುವಾರ ಬಂದು, ರೊಟ್ಟಿ ಮುರಿಯುವ ಹೊತ್ತಿಗೆ ಅಲ್ಲಿ ಎಲ್ಲರೂ ಸುಮ್ಮನಾಗಿ, ಬಟ್ಟೆಯ ಸರಸರ, ಯಾರದೋ ಕೆಮ್ಮು, ಕೂಸಿನ ದನಿ ಮಾತ್ರ ಕೇಳಿದಾಗ ಅವಳು ಫೋನನ್ನು ನನ್ನ ಕೈಗೆ ಕೊಟ್ಟು, "ಬಂದ್ ಮಾಡು" ಎಂದಳು. ಮತ್ತೆ ಹಚ್ಚಲಿಲ್ಲ.

ಆದರೂ ಮೊದಲ ಭಾನುವಾರ ಸ್ನಾನ ಮಾಡಿಸಬೇಕು, ಬಿಳಿ ಸೀರೆ ಉಡಿಸಲು ಎದುರು ಮನೆಯವಳನ್ನು ಕರೆಯಬೇಕು. ಗೋಡೆಗೆ ಒರಗಿ ಕೂತು ಅಕ್ಕ ಹಾಡುತ್ತಾಳೆ. ಅವರ ಹಾಡುಗಳಲ್ಲಿ ಒಬ್ಬರು ಒಂದು ಸಾಲು ಹಾಡಿದರೆ, ಉಳಿದವರೆಲ್ಲ ಇನ್ನೊಂದು ಸಾಲಿನಿಂದ ಉತ್ತರ ಕೊಡುತ್ತಾರೆ. ಅಕ್ಕ ತನ್ನ ಸಾಲನ್ನು ಹಾಡಿ, ನಿಲ್ಲಿಸುತ್ತಾಳೆ. ಉತ್ತರದ ಸಾಲಿಗೆ ಬೇಕಾದಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಸಾಲು ಎತ್ತಿಕೊಳ್ಳುತ್ತಾಳೆ. ತಾಳ ತಪ್ಪುವುದಿಲ್ಲ.

ನಾನು ಅಡಿಗೆಮನೆಯಿಂದ ಕೇಳುತ್ತ ಕೇಳುತ್ತ, ಫೋನಿನ ಆರಾಧನೆಯಲ್ಲಿ ಕಿವಿಗೆ ಬಿದ್ದಿದ್ದ ಆ ಉತ್ತರದ ಸಾಲುಗಳು ನನಗೆ ಬಾಯಿಗೆ ಬಂದವು. ಹೋದ ತಿಂಗಳು ಬಾಗಿಲಲ್ಲಿ ನಿಂತು ಕೇಳಿದೆ.

"ಅಕ್ಕಾ, ಆ ಸಾಲು ನಾ ಅಂತೇನಿ. ನನಗ ಬರತೈತಿ."

ಅವಳು ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ.

"ಬ್ಯಾಡ ತಮ್ಮಾ. ಅದು ಅವರ ಜಾಗಾ."

"ಅವರು ಇಲ್ಲಲಾ."

"ಇಲ್ಲ. ಅದಕ್ಕ ಹಂಗ ಬಿಟ್ಟೇನಿ" ಎಂದಳು. "ನೀ ಕುಂದ್ರು ಬೇಕಾದ್ರ."

ನಾನು ಕೂತೆ. ಅವಳು ಮುಂದಿನ ಸಾಲು ಹಾ​ಡಿ ಸುಮ್ಮನಾದಳು. ನಾನೂ ಸುಮ್ಮನಿದ್ದೆ.